ಎಪ್ಪತ್ತೆಂಟು ಎಲೆಗಳು, ಒಂದು ಪ್ರಶ್ನೆ

ಮೇಜಿನ ಮೇಲೆ ಹತ್ತು ಚಿತ್ರದೆಲೆಗಳು. ನಡುವೆ ಒಂದು, ಅದರ ಮೇಲೆ ಅಡ್ಡಲಾಗಿ ಇನ್ನೊಂದು; ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು; ಉಳಿದ ನಾಲ್ಕು ಬಲಗಡೆ ಕಂಬದಂತೆ ಕೆಳಗಿನಿಂದ ಮೇಲಕ್ಕೆ. ಟ್ಯಾರೋ ಎಲೆಗಳಿಂದ ಭವಿಷ್ಯ ನುಡಿಯುವವರಲ್ಲಿ ಬಹು ಪ್ರಸಿದ್ಧವಾದ 'ಕೆಲ್ಟಿಕ್ ಶಿಲುಬೆ' ಎಂಬ ಹಾಸು ಇದು. ಯಾವುದೋ ಪ್ರಾಚೀನ ಗುಹೆಯಿಂದ ಇಳಿದುಬಂದ ವಿದ್ಯೆಯೆಂದು ನೋಡಿದವರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಅದು ಅಚ್ಚಿನ ಮೂಲಕ ಜನರ ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ, ಲಂಡನ್ನಿನ ಲೇಖಕ ಆರ್ಥರ್ ಎಡ್ವರ್ಡ್ ವೇಟ್ ಅವರ ಪುಸ್ತಕದಿಂದ. ಅದನ್ನು ಪುರಾತನ ವಿಧಾನವೆಂದು ಕರೆದವರೂ ಅವರೇ.

ಎಲೆಗಳ ವಯಸ್ಸಾದರೂ ಎಷ್ಟು? ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ, ಮಿಲಾನ್ ಮತ್ತು ಫೆರಾರಾಗಳ ಅರಮನೆಗಳಲ್ಲಿ ಸಿರಿವಂತರು ಆಡುತ್ತಿದ್ದ ಇಸ್ಪೀಟು ಇದು. ಬಟ್ಟಲು, ನಾಣ್ಯ, ಖಡ್ಗ, ದಂಡ ಎಂಬ ನಾಲ್ಕು ಬಗೆಯಲ್ಲಿ 56 ಎಲೆಗಳು. ಅವುಗಳ ಮೇಲೆ ಅಧಿಕಾರ ನಡೆಸುವ 22 ಚಿತ್ರದೆಲೆಗಳು, ಬಹುಪಾಲು ತುರುಫಿನವು. ಒಟ್ಟು 78. ಫ್ರಾನ್ಸಿನಲ್ಲಿ ಇವುಗಳಿಂದ ಇಂದಿಗೂ ಆಟವಾಡುವವರಿದ್ದಾರೆ. 1781ರಲ್ಲಿ ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ವಿದ್ವಾಂಸರು ಈ ಎಲೆಗಳಲ್ಲಿ ಈಜಿಪ್ಟಿನ ಪುರೋಹಿತರ ಜ್ಞಾನ ಅಡಗಿದೆಯೆಂದು ಬರೆದರು. ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಆಗ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಶಾಂಪೋಲಿಯೋ ಅದರ ಕೀಲಿಯನ್ನು ಪ್ರಕಟಿಸಿದ್ದು 1822ರಲ್ಲಿ. ಅಲ್ಲಗಳೆಯುವವರಿಲ್ಲದ ಮಾತು ಬಲುಬೇಗ ಶಾಸ್ತ್ರವಾಗುತ್ತದೆ! 1785ರ ವೇಳೆಗೆ ಆಲಿಯೆತ್ ಎಂಬಾತ ತನ್ನ ಹೆಸರನ್ನು ತಿರುವುಮುರುವಾಗಿಸಿ 'ಎತೇಯಾ' ಎಂದು ಕರೆದುಕೊಂಡು, ಟ್ಯಾರೋದಿಂದ ಕಣಿ ಹೇಳುವ ಬಗೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದನು. ಈಜಿಪ್ಟಿನ ಕಥೆಗೆ ಆಧಾರವಿಲ್ಲವೆಂಬುದನ್ನೂ, ಎಲೆಗಳು ಮೂಲತಃ ಆಟಕ್ಕೆಂದೇ ಹುಟ್ಟಿದವೆಂಬುದನ್ನೂ ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮೆಟ್ ಅವರು 1980ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ವಿಶದಪಡಿಸಿದ್ದಾರೆ.

ಹೀಗೆ ಪ್ರಾಚೀನತೆಯ ಪೊರೆ ಕಳಚಿದ ಮೇಲೆ ಉಳಿಯುವುದೇನು? ಉಳಿಯುವುದು ಹಾಸು, ಅಂದರೆ ಎಲೆ ಬೀಳುವ ಸ್ಥಾನಗಳ ಯೋಜನೆ. ಜಾತಕದಲ್ಲಿ ಗ್ರಹ ಒಂದೇ ಆದರೂ ಸ್ಥಾನ ಬದಲಾದರೆ ಫಲ ಬದಲಾಗುವುದೆಂದು ನಮ್ಮ ಜೋಯಿಸರು ಹೇಳುವುದಿಲ್ಲವೇ? ಇಲ್ಲಿಯೂ ಹಾಗೆಯೇ. ವೇಟ್ ಅವರ ಹಾಸಿನಲ್ಲಿ ಒಂದು ಸ್ಥಾನ ಪೃಚ್ಛಕನನ್ನು ಆವರಿಸಿರುವ ಸನ್ನಿವೇಶಕ್ಕೆ, ಇನ್ನೊಂದು ಅವನಿಗೆ ಅಡ್ಡ ಬಂದಿರುವುದಕ್ಕೆ, ಮತ್ತೊಂದು ಅವನ ಮನೆಗೆ, ಎಂದರೆ ಅವನ ಸುತ್ತಲಿನ ಪರಿಸರಕ್ಕೆ. ಒಂಬತ್ತನೆಯದು ವಿಚಿತ್ರ: ಆಸೆಗೂ ಭಯಕ್ಕೂ ಸೇರಿ ಅದೊಂದೇ ಸ್ಥಾನ. ಮನುಷ್ಯ ಯಾವುದನ್ನು ಬಯಸುತ್ತಾನೋ ಅದಕ್ಕೇ ಅಂಜುತ್ತಾನೆಂಬುದನ್ನು ಕಂಡ ಜಾಣ್ಮೆ ಅದರಲ್ಲಿದೆ.

ಇಂದು ಹೊಸ ಹಾಸುಗಳನ್ನು ತಾವೇ ರಚಿಸಿಕೊಳ್ಳುವವರು ಬಹಳ ಮಂದಿ. ಮೂರೇ ಎಲೆಗಳ ಹಾಸಿಗೂ ಅನುಕ್ರಮವಾಗಿ 4,56,456 ಬಗೆಯ ಜೋಡಣೆಗಳು ಸಾಧ್ಯ. ಆದುದರಿಂದ ಎಲೆಗಳಿಗೆ ಬರವಿಲ್ಲ. ಬರವಿರುವುದು ಒಳ್ಳೆಯ ಪ್ರಶ್ನೆಗೆ. ದೂರದ ನಗರದಲ್ಲಿ ಉದ್ಯೋಗ ದೊರೆತಿರುವ, ಊರಿನಲ್ಲಿ ವೃದ್ಧೆಯಾದ ತಾಯಿ ಒಬ್ಬಳೇ ಉಳಿಯಬೇಕಾಗುವ ಒಬ್ಬ ಮಗಳನ್ನು ಊಹಿಸಿಕೊಳ್ಳಬಹುದು. 'ಹೋಗಲೋ ಬೇಡವೋ' ಎಂದು ಆಕೆ ಎಲೆಯನ್ನು ಕೇಳಿದರೆ, ಅದು ನಾಣ್ಯ ಚಿಮ್ಮಿದಂತೆಯೇ ಸರಿ. ಅದರ ಬದಲು ಐದು ಸ್ಥಾನಗಳನ್ನು ಇಡಬಹುದು: ಹೊರಟರೆ ದೊರೆಯುವುದೇನು, ಕಳೆಯುವುದೇನು, ಉಳಿದರೆ ದೊರೆಯುವುದೇನು, ಕಳೆಯುವುದೇನು, ಐದನೆಯದು, ತಾಯಿಯೊಡನೆ ಇದುವರೆಗೆ ಬಾಯಿಬಿಟ್ಟು ಆಡದ ಮಾತೇನು.

'ಉಳಿದರೆ ದೊರೆಯುವುದೇನು' ಎಂಬಲ್ಲಿ ಬಟ್ಟಲು ಎಂಟು ಬಿದ್ದಿತೆನ್ನಿ. ಒಟ್ಟಿದ ಎಂಟು ಬಟ್ಟಲುಗಳಿಗೆ ಬೆನ್ನು ತಿರುಗಿಸಿ, ಕೋಲು ಹಿಡಿದು, ಚಂದ್ರನ ಕೆಳಗೆ ಬೆಟ್ಟದತ್ತ ನಡೆದಿರುವ ಒಬ್ಬ ಒಂಟಿಗನ ಚಿತ್ರವದು. ಉಳಿಯುವ ಸ್ಥಾನದಲ್ಲಿ ಹೊರಟವನ ಚಿತ್ರ! ಮಗಳ ಎದೆ ಹಗುರಾಯಿತೇ, ಭಾರವಾಯಿತೇ? ಅನುಭವಿಗಳು ಆಗ ಎಲೆಯನ್ನು ನೋಡುವುದಿಲ್ಲ, ಆಕೆಯ ಮುಖವನ್ನು ನೋಡುತ್ತಾರೆ. ಅದೇ ಸ್ಥಾನದಲ್ಲಿ ಬಟ್ಟಲು ಆರು, ಎಂದರೆ ಹಳೆಯ ಅಂಗಳದಲ್ಲಿ ಹುಡುಗನೊಬ್ಬ ಪುಟ್ಟ ಹುಡುಗಿಗೆ ಹೂ ತುಂಬಿದ ಬಟ್ಟಲು ನೀಡುವ ಚಿತ್ರ, ಬಿದ್ದಿದ್ದರೂ ಒಂದು ಕಥೆ ಹುಟ್ಟುತ್ತಿತ್ತು. ಎಲೆಗೆ ಆಕೆಯ ತಾಯಿಯ ವಿಚಾರ ಏನೂ ತಿಳಿಯದು. ತಿಳಿದಿರುವವಳು ಆಕೆ.

ಈ ಚಿತ್ರಗಳನ್ನು ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಹಳೆಯ ಕಟ್ಟುಗಳಲ್ಲಿ ಸಾಮಾನ್ಯವಾಗಿ ಬಟ್ಟಲು ಎಂಟೆಂದರೆ ಎಂಟು ಬಟ್ಟಲುಗಳ ಗುರುತು ಮಾತ್ರ. 1909ರಲ್ಲಿ ವೇಟ್ ಅವರಿಗಾಗಿ ಚಿತ್ರಿಸುವಾಗ ಆಕೆ ಅಂಥ ಒಂದೊಂದು ಎಲೆಗೂ ಒಂದು ದೃಶ್ಯ ಕೊಟ್ಟಳು. ಕೆಲಸ ದೊಡ್ಡದು, ಹಣ ಅತ್ಯಲ್ಪವೆಂದು ಆಕೆಯೇ ಪತ್ರವೊಂದರಲ್ಲಿ ತಿಳಿಸಿದ್ದಳು. ಕಟ್ಟಿಗೆ ಹೆಸರು ಬಂದದ್ದು ಪ್ರಕಾಶಕ ರೈಡರ್ ಮತ್ತು ವೇಟ್ ಅವರಿಂದ. 1951ರಲ್ಲಿ ಕಾರ್ನ್‌ವಾಲಿನ ಬ್ಯೂಡ್‌ನಲ್ಲಿ ಆಕೆ ಸಾಲದಲ್ಲಿಯೇ ಕಣ್ಣುಮುಚ್ಚಿದಳು. ಲಕ್ಷಾಂತರ ಮಂದಿಯ ಭಾಗ್ಯವನ್ನು ನುಡಿದ ಎಲೆಗಳು ಬರೆದವಳಿಗೆ ಭಾಗ್ಯ ತರಲಿಲ್ಲ.

'ನನ್ನ ವಿಷಯ ಹೇಗೆ ಸರಿಯಾಗಿ ಹೇಳಿದರು!' ಎಂಬ ಬೆರಗಿಗೂ ಒಂದು ಉತ್ತರವಿದೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರ ಸ್ವಭಾವವನ್ನೂ ಬೇರೆ ಬೇರೆಯಾಗಿ ಬರೆದಿರುವುದಾಗಿ ಹೇಳಿ ಹಾಳೆ ಹಂಚಿದರು. ಐದಕ್ಕೆ ಸರಾಸರಿ 4.26 ಅಂಕಗಳನ್ನು ವಿದ್ಯಾರ್ಥಿಗಳು ಕೊಟ್ಟರು. ಎಲ್ಲರ ಹಾಳೆಯಲ್ಲಿದ್ದುದೂ ಒಂದೇ ಬರಹ. ಹೆಚ್ಚಿನ ವಾಕ್ಯಗಳು ಅಂಗಡಿಯಲ್ಲಿ ಕೊಂಡ ಜ್ಯೋತಿಷ್ಯದ ಪುಸ್ತಕದವು.

ಇದನ್ನು ಅರಿತೂ ಎಲೆ ಹಾಸುವವರಿದ್ದಾರೆ. ಅರಿತು ವಂಚಿಸುವವರೂ ಇದ್ದಾರೆ. ಹದಿಮೂರನೆಯ ಎಲೆ ಮೃತ್ಯು. ಬಿಳಿಯ ಕುದುರೆಯೇರಿದ ಅಸ್ಥಿಪಂಜರ. ಹಿನ್ನೆಲೆಯಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಒಂದು ಅಧ್ಯಾಯದ ಮುಕ್ತಾಯವೆಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ರೋಗಿಯ ಕಡೆಯವರಿಗೆ ಅದನ್ನು ತೋರಿಸಿ, ದೋಷ ನಿವಾರಣೆಗೆ ಇಷ್ಟು ಹಣವೆನ್ನುವವನ ಮುಂದೆ ಹಾಸು ಎಷ್ಟು ಚೆಲುವಾಗಿದ್ದರೇನು? ಆ ಮೇಜಿನಿಂದ ಎದ್ದು ವೈದ್ಯನ ಬಳಿಗೆ ನಡೆಯುವುದೇ ಸರಿ.

ಹತ್ತನೆಯ ಎಲೆ ಅಸ್ಪಷ್ಟವಾಗಿದ್ದರೆ, ಅದನ್ನೇ ನಡುವಿಗಿಟ್ಟು ಮತ್ತೊಮ್ಮೆ ಹಾಸಬಹುದೆಂದು ವೇಟ್ ಅವರ ಪುಸ್ತಕದಲ್ಲಿ ಸೂಚನೆಯಿದೆ. ಬೇಕಾದ ಉತ್ತರ ಬರುವವರೆಗೆ ಕೇಳುತ್ತಲೇ ಇರಲು ಇದೊಂದು ರಹದಾರಿ. ಈಗಿನ ವಿವೇಕಿಗಳು ಇದಕ್ಕೆ ಒಪ್ಪರು. ಬಿದ್ದ ಎಲೆಗಳನ್ನೂ, ಕಂಡೊಡನೆ ಮನಸ್ಸಿಗೆ ಹೊಳೆದುದನ್ನೂ ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಲು ಹೇಳುತ್ತಾರೆ. ಆರು ತಿಂಗಳ ಬಳಿಕ ಅದನ್ನು ತೆರೆದಾಗ, ಎಲೆ ಎಷ್ಟು ಸಲ ತಪ್ಪಿತೆಂಬುದೂ ಅಲ್ಲಿರುತ್ತದೆ. ತಾಯಿಯೊಡನೆ ಆಡಬೇಕಾಗಿದ್ದ ಆ ಮಾತೂ ಅಲ್ಲಿರುತ್ತದೆ, ಆಡಿದ್ದರೂ ಆಡದಿದ್ದರೂ.