ತೋಟಕ್ಕೆ ಹಳೇ ಜೀಪೋ, ಹೊಸ ಥಾರೋ?

ಕಾಫಿ ರೇಟು ಏರಿದ ಮೇಲೆ ಮಲೆನಾಡಿನ ತೋಟದ ಮನೆಗಳ ಅಂಗಳದಲ್ಲಿ ಥಾರ್ ಕಾಣೋದು ಮಾಮೂಲಾಗಿದೆ. ಜೊತೆಗೇ ಒಂದು ಪ್ರಶ್ನೆಯೂ ಬರ್ತಾ ಇದೆ: ಹಳೇ ಜೀಪು ಕೊಟ್ಟು ಥಾರ್ ತಗೊಳ್ಳಬಹುದಾ? ಕೊಡೋ ಮೊದಲು ಆ ಜೀಪು ವರ್ಷವಿಡೀ ಏನೇನು ಹೊತ್ತಿದೆ ಅಂತ ಒಂದು ಚೀಟಿಯಲ್ಲಿ ಬರೆದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುವುದರಿಂದ ಶುರು ಮಾಡಿತು. ನಮ್ಮ ಕಡೆ ಜನ ಇವತ್ತಿಗೂ ಹುಡುಕೋದು ಆ ಸಾಲಿನ ಎಂಎಂ 540, 550, ಮೇಜರ್, ಕಮಾಂಡರ್‌ಗಳನ್ನು. 540ರಲ್ಲಿದ್ದ 2112 ಸಿಸಿ ಪೂಜೊ ಡೀಸೆಲ್ ಎಂಜಿನ್ ಕೊಡ್ತಾ ಇದ್ದದ್ದು ಸುಮಾರು 62 ಎಚ್‌ಪಿ. 2010ರಲ್ಲಿ ಬಂದ ಮೊದಲ ಥಾರ್‌ನ ಸಿಆರ್‌ಡಿಇ ಎಂಜಿನ್‌ಗೆ 105. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಈಗಿನ ಥಾರ್‌ನಲ್ಲಿ 2.2 ಲೀಟರ್ ಡೀಸೆಲ್‌ಗೆ 130, 2 ಲೀಟರ್ ಪೆಟ್ರೋಲ್‌ಗೆ 150. ಐದು ಬಾಗಿಲಿನ ರಾಕ್ಸ್ ಬಂದದ್ದು 2024ರ ಆಗಸ್ಟ್‌ನಲ್ಲಿ.

ಏರು, ಕೆಸರು, ಹಳ್ಳ ಇಷ್ಟೇ ಲೆಕ್ಕ ಅಂದ್ರೆ ಹೊಸದೇ ಮೇಲು, ಅದರಲ್ಲಿ ವಾದ ಬೇಡ. ನೆಲದಿಂದ 226 ಮಿ.ಮೀ. ಎತ್ತರ, 650 ಮಿ.ಮೀ. ನೀರು ದಾಟುವ ಶಕ್ತಿ, ಹಿಂದೆ ಕಮಾನ್ ಪಟ್ಟಿಯ ಬದಲು ಕಾಯಿಲ್ ಸ್ಪ್ರಿಂಗ್. ಎಬಿಎಸ್, ಏರ್‌ಬ್ಯಾಗ್ ಇವೆ. 2020ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಬಂದಿದೆ. ಹಳೇ ಜೀಪಿನಲ್ಲಿ ಡ್ರಮ್ ಬ್ರೇಕು, ತಲೆ ಮೇಲೆ ಟಾರ್ಪಾಲು. ಮಳೆಗಾಲದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯೋ ಮನೆಯವರಿಗೆ ಈ ಒಂದು ವ್ಯತ್ಯಾಸವೇ ಸಾಕು.

ಆದ್ರೆ ತೋಟದಲ್ಲಿ ಜೀಪು ಅಂದ್ರೆ ಅರ್ಧ ಗಾಡಿ, ಅರ್ಧ ಎತ್ತು. ಹಿಂದಿನ ಹಲಗೆ ಕೆಳಗಿಳಿಸಿ, ಪಕ್ಕದ ಸೀಟು ಮೇಲಕ್ಕೆ ಮಡಚಿದ್ರೆ ಕಾಫಿ ಮೂಟೆ, ಅಡಿಕೆ ಗೊನೆ, ಕೊಟ್ಟಿಗೆ ಗೊಬ್ಬರ ಏನನ್ನಾದ್ರೂ ತುಂಬಬಹುದು. ಸಂಜೆ ಪೈಪ್ ಹಿಡಿದು ತೊಳೆದ್ರೆ ಮುಗೀತು. ಈಗಿನ ಮೂರು ಬಾಗಿಲಿನ ಥಾರ್ ನಾಲ್ಕು ಜನ ಕೂರೋ ಕಾರು. ಹಿಂದಿನ ಬಾಗಿಲು ಸ್ಟೆಪ್ನಿ ಸಮೇತ ಪಕ್ಕಕ್ಕೆ ತೆರೆಯುತ್ತೆ, ಸೀಟು ಮಡಚಿದ್ರೂ ಸಿಗೋ ಜಾಗ ಕಮ್ಮಿ. ಇನ್ನೂರು ಲೀಟರಿನ ಜೀವಾಮೃತದ ಡ್ರಮ್ಮನ್ನು ಅದರೊಳಗಿಟ್ಟು ಏರು ಹತ್ತಿಸೋಕೆ ನನಗಂತೂ ಮನಸ್ಸು ಬರಲ್ಲ. ಒಂದೇ ಒಂದು ಸಲ ಚೆಲ್ಲಿದ್ರೂ ಆ ವಾಸನೆ ಹೋಗೋಕೆ ತಿಂಗಳು ಬೇಕು! ಇನ್ನು ಅಗಲ. ಹೊಸ ಗಾಡಿ 1.8 ಮೀಟರ್ ದಾಟುತ್ತೆ. ಅಜ್ಜನ ಕಾಲದ ಜೀಪಿಗೆ ಅಂತ ಕಡಿದ ದಾರಿಯಲ್ಲಿ ಎರಡೂ ಕಡೆ ಕಾಫಿ ರೆಕ್ಕೆ ಉಜ್ಜುತ್ತೆ. ಟೇಪು ಹಿಡಿದು ದಾರಿ ಅಳೆದೇ ಮುಂದುವರಿಯಿರಿ.

ರಿಪೇರಿ ವಿಷಯ ಯಾರೂ ಶೋರೂಮಲ್ಲಿ ಬಿಡಿಸಿ ಹೇಳಲ್ಲ. ಹಳೇ ಎಂಜಿನ್‌ಗೆ ಡೀಸೆಲ್ ಹೋಗೋದು ಮೆಕ್ಯಾನಿಕಲ್ ಪಂಪಿನಿಂದ. ಬ್ಯಾಟರಿ ಸತ್ತರೆ ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡಿ ಮನೆ ಸೇರಬಹುದು, ಸಂತೆಪೇಟೆಯ ಮೇಸ್ತ್ರಿಯೇ ಬಿಚ್ಚಿ ಕಟ್ತಾನೆ. ಹೊಸದಕ್ಕೆ ಸ್ಕ್ಯಾನರ್ ಬೇಕು. ಇನ್ನೊಂದು ತೊಡಕು ಬಿಎಸ್ 6 ಡೀಸೆಲ್‌ನ ಹೊಗೆ ಸೋಸುವ ಡಿಪಿಎಫ್. ಅದರಲ್ಲಿ ಕೂತ ಮಸಿ ಸುಡಬೇಕಾದ್ರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಒಂದೇ ಸಮ ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಗೇಟಿಗೆ ಅಂತ ಒಂದು, ಎರಡನೇ ಗೇರಲ್ಲೇ ದಿನ ಕಳೆಯೋ ಗಾಡಿಯಲ್ಲಿ ಮಸಿ ಕಟ್ಟಿಕೊಳ್ಳುತ್ತೆ, ವಾರ್ನಿಂಗ್ ಲೈಟು ಬರುತ್ತೆ. ವಾರಕ್ಕೊಮ್ಮೆಯಾದ್ರೂ ಇಪ್ಪತ್ತು ನಿಮಿಷ ಟಾರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಅದು ಆಗಲ್ಲ ಅಂದ್ರೆ ಪೆಟ್ರೋಲ್ ತಗೊಳ್ಳಿ, ಖರ್ಚು ಜಾಸ್ತಿಯಾದ್ರೂ ಈ ರಗಳೆ ಇಲ್ಲ. ಸ್ಪ್ರೇಯರ್‌ಗೆ ಅಂತ ಕ್ಯಾನಲ್ಲಿ ತುಂಬಿಟ್ಟ ಡೀಸೆಲ್ಲನ್ನು ಹೊಸ ಗಾಡಿಗೆ ಹಾಕಲೇಬೇಡಿ. ಅದರಲ್ಲಿ ಸ್ವಲ್ಪ ನೀರು ಸೇರಿದ್ರೂ ಇಂಜೆಕ್ಟರ್ ಹಾಳಾಗಿ ದೊಡ್ಡ ಬಿಲ್ಲು ಬರುತ್ತೆ.

ಮತ್ತೊಂದು ಎಚ್ಚರಿಕೆ. 2023ರ ಜನವರಿಯಿಂದ ಥಾರ್‌ಗೆ ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರೋ ಮಾದರಿಯೂ ಇದೆ, 1.5 ಲೀಟರ್ ಡೀಸೆಲ್‌ನದ್ದು. ನೋಡೋಕೆ ಅದೇ ಥಾರ್, ಬೆಲೆ ಕಮ್ಮಿ. ಆದ್ರೆ ಜುಲೈ ತಿಂಗಳ ಜಾರು ಏರಲ್ಲಿ ಅದನ್ನು ನಂಬೋ ಹಾಗಿಲ್ಲ. ರಾಕ್ಸ್‌ನಲ್ಲಿ ಫೋರ್ ವೀಲ್ ಬೇಕಿದ್ರೆ ಡೀಸೆಲ್ಲೇ ಆಗಬೇಕು. ಬುಕ್ ಮಾಡೋವಾಗ ಫೋರ್ ವೀಲ್ ಅಂತ ರಸೀದಿಯಲ್ಲೇ ಬರೆಸಿಕೊಳ್ಳಿ.

ನನ್ನ ಲೆಕ್ಕ ಹೀಗೆ: ಜೀಪು ಗಟ್ಟಿಯಾಗಿದ್ರೆ ಮಾರಬೇಡಿ. ಮನೆಗೆ ಒಂದೇ ಗಾಡಿ, ಸಾಮಾನಿಗೆ ಪಿಕಪ್ ಬಾಡಿಗೆಗೆ ಸಿಗುತ್ತೆ ಅನ್ನೋರು ಫೋರ್ ವೀಲ್ ಥಾರ್ ತಗೊಳ್ಳಲಿ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನ ಹೊರೋ ದಾರಿಗಳಲ್ಲಿ ಹಳೇ ಜೀಪುಗಳು ಇನ್ನೂ ದುಡೀತಾ ಇರೋದನ್ನ ನೋಡಿದ್ರೆ ಅವುಗಳ ಆಯಸ್ಸು ಗೊತ್ತಾಗುತ್ತೆ.

ಹಳೇದನ್ನೇ ಕೊಳ್ಳೋರು ಬಣ್ಣ ನೋಡಿ ಮರುಳಾಗಬೇಡಿ. ಮೇಜರ್, ಕಮಾಂಡರ್‌ಗಳಲ್ಲಿ ಟು ವೀಲ್‌ನವೂ ಬಂದಿವೆ. ಕೆಳಗೆ ತೂರಿ ಮುಂದಿನ ಆಕ್ಸಲ್‌ಗೆ ಡಿಫರೆನ್ಷಿಯಲ್ ಇದೆಯಾ ನೋಡಿ, ಚಾಸಿಗೆ ತುಕ್ಕು ಹಿಡಿದಿದೆಯಾ ಸುತ್ತಿಗೆಯಿಂದ ತಟ್ಟಿ ನೋಡಿ, ಲೋ ಗೇರಿಗೆ ಹಾಕಿ ಒಂದು ಏರು ಹತ್ತಿಸಿ. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ತಾಳೆಯಾಗಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಮಾಡಿಸಬೇಕು. ಅದು ಬಾಕಿಯಿದ್ರೆ ಮಾರುವವರ ಹೆಸರಲ್ಲೇ ಮಾಡಿಸಿದ ಮೇಲೆ ದುಡ್ಡು ಕೊಡಿ.