ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಅಸಿಟೈಲ್‌ಕೋಲಿನ್

ಅಸಿಟೈಲ್‌ಕೋಲಿನ್ ಎಂದರೇನು?
ನರಗಳು ಸ್ನಾಯುಗಳಿಗೆ ಸಂದೇಶ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಇದೂ ಒಂದು. ನರವು ರಾಸಾಯನಿಕದ ಮೂಲಕವೇ ಹೃದಯ ಬಡಿತವನ್ನು ನಿಧಾನಗೊಳಿಸುತ್ತದೆ ಎಂದು ಒಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಪ್ರಯೋಗದಿಂದ ತೋರಿಸಿದರು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು.

ಕಣ್ಣಿನಲ್ಲಿ ಇದರ ಕೆಲಸವೇನು?
ಬಿಸಿಲಿಗೆ ಬಂದಾಗ ನಿಮ್ಮ ಕಣ್ಣಿನ ಪಾಪೆ ಕಿರಿದಾಗುತ್ತದೆ. ಪಾಪೆಯ ಸುತ್ತಲಿನ ಉಂಗುರದಂಥ ಸ್ನಾಯು ಅಸಿಟೈಲ್‌ಕೋಲಿನ್‌ನಿಂದ ಬಿಗಿಯಾಗುವುದೇ ಇದಕ್ಕೆ ಕಾರಣ. ತಪಾಸಣೆಗೆ ಮುನ್ನ ಹಾಕುವ ಟ್ರೋಪಿಕಮೈಡ್ ಹನಿ ಈ ಸಂದೇಶವನ್ನು ತಡೆದು ಪಾಪೆಯನ್ನು ಹಿಗ್ಗಿಸುತ್ತದೆ. ದತ್ತೂರಿ ಗಿಡದ ರಸ ಕಣ್ಣಿಗೆ ತಗುಲಿದರೂ ಹೀಗೆಯೇ ಆಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಏಕೆ ಬೇಕು?
ಮುನಿರ್ಕಾಕ್ಕೆ ಹತ್ತಿರದ ಏಮ್ಸ್‌ನ ಡಾ. ರಾಜೇಂದ್ರ ಪ್ರಸಾದ್ ನೇತ್ರ ವಿಜ್ಞಾನ ಕೇಂದ್ರವಿರಲಿ, ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಯಿರಲಿ, ಪೊರೆ ತೆಗೆಯಲು ಪಾಪೆ ಅಗಲವಾಗಿರಬೇಕು. ಕೃತಕ ಮಸೂರ ಕೂರಿಸಿದ ಮೇಲೆ ಪಾಪೆಯನ್ನು ಬೇಗ ಕಿರಿದಾಗಿಸಬೇಕೆನಿಸಿದರೆ ವೈದ್ಯರು ಶೇಕಡಾ 1ರ ಅಸಿಟೈಲ್‌ಕೋಲಿನ್ ದ್ರಾವಣವನ್ನು ಕಣ್ಣಿನ ಮುಂಭಾಗದೊಳಗೆ ಬಿಡುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಪಾಪೆ ಕುಗ್ಗುತ್ತದೆ. ಮಸೂರ ತನ್ನ ಜಾಗದಲ್ಲಿ ನಿಲ್ಲಲು ಇದು ನೆರವಾಗುತ್ತದೆ. ಎಲ್ಲ ರೋಗಿಗಳಿಗೂ ಇದು ಬೇಕಾಗುವುದಿಲ್ಲ.

ಹನಿಯಾಗಿ ಏಕೆ ಹಾಕುವುದಿಲ್ಲ?
ಕಾರ್ನಿಯಾವನ್ನು ದಾಟಿ ಒಳಹೋಗುವ ಮೊದಲೇ ದೇಹದ ಕಿಣ್ವವು ಅದನ್ನು ಒಡೆದುಹಾಕುತ್ತದೆ. ಒಳಗೆ ಬಿಟ್ಟಾಗಲೂ ಪರಿಣಾಮ ಹತ್ತಿಪ್ಪತ್ತು ನಿಮಿಷ ಮಾತ್ರ. ದ್ರಾವಣವೂ ಬೇಗ ಕೆಡುವುದರಿಂದ, ಪುಡಿಯನ್ನು ಬಳಸುವ ಹೊತ್ತಿಗೆ ಕಲಸಿ, ಉಳಿದದ್ದನ್ನು ಚೆಲ್ಲುತ್ತಾರೆ.

ಅಡ್ಡಪರಿಣಾಮಗಳಿವೆಯೇ?
ಅಪರೂಪಕ್ಕೆ ಔಷಧಿ ರಕ್ತಕ್ಕೆ ಸೇರಿ ನಾಡಿ ನಿಧಾನವಾಗಬಹುದು, ರಕ್ತದೊತ್ತಡ ಇಳಿಯಬಹುದು, ಬೆವರು ಅಥವಾ ಉಸಿರಾಟದ ತೊಂದರೆ ಕಾಣಿಸಬಹುದು. ಇದನ್ನು ತಡೆಯಲು ಅಟ್ರೋಪಿನ್ ಇದೆ.

ನೀವು ವೈದ್ಯರಿಗೆ ತಿಳಿಸಬೇಕಾದುದು
• ಉಬ್ಬಸ ಅಥವಾ ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.
• ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಸೇವಿಸುತ್ತಿದ್ದರೆ, ಹಿಂದೆ ಸೇವಿಸಿದ್ದರೂ, ತಿಳಿಸಿ. ಅದರಿಂದ ಪಾಪೆಯ ಸುತ್ತಲಿನ ಐರಿಸ್ ಸಡಿಲಗೊಂಡು ಶಸ್ತ್ರಚಿಕಿತ್ಸೆ ಕಷ್ಟವಾಗಬಹುದು. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
• ಮನೆಯ ಹಿರಿಯರಿಗೆ ಮಾತ್ರೆಗಳ ಹೆಸರು ನೆನಪಿರದಿದ್ದರೆ, ಮಾತ್ರೆಯ ಪಟ್ಟಿಗಳನ್ನೇ ಜೊತೆಗೆ ಒಯ್ಯಿರಿ.

ಶಸ್ತ್ರಚಿಕಿತ್ಸೆಯ ನಂತರ ನೋವು ಅಥವಾ ಕೆಂಪು ಹೆಚ್ಚಾದರೆ, ದೃಷ್ಟಿ ಮಂಜಾಗುತ್ತ ಹೋದರೆ, ಮುಂದಿನ ಭೇಟಿಯ ದಿನದವರೆಗೆ ಕಾಯದೆ ಕೂಡಲೇ ಕಣ್ಣಿನ ವೈದ್ಯರನ್ನು ಕಾಣಿರಿ.