ಸೀಮಿತ ಆವೃತ್ತಿಯ ವಾಲ್ವ್ ಗಿಟಾರ್ ಪ್ರವರ್ಧಕ: ಆಯ್ಕೆ ಮತ್ತು ಮಾರ್ಪಾಟಿನ ಕ್ರಮ

ವಿದ್ಯುತ್ ಗಿಟಾರಿನ ನಾದವು ತಂತಿಯಲ್ಲಿ ಹುಟ್ಟುವುದಾದರೂ ಅದಕ್ಕೆ ಪೂರ್ಣರೂಪ ಒದಗುವುದು ಪ್ರವರ್ಧಕದಲ್ಲಿ. ಬಳಕೆಯ ಮಾತಿನಲ್ಲಿ ಆಂಪ್ಲಿಫೈಯರ್ ಎನಿಸಿಕೊಳ್ಳುವ ಈ ಯಂತ್ರದಲ್ಲಿ ಟ್ರಾನ್ಸಿಸ್ಟರು ನೆಲೆಗೊಂಡು ಅನೇಕ ದಶಕಗಳು ಸಂದಿವೆ. ಮನೆಯ ರೇಡಿಯೋ, ಚಿತ್ರಮಂದಿರ, ಸಭೆಯ ಧ್ವನಿವರ್ಧಕ, ಇವೆಲ್ಲವೂ ವಾಲ್ವನ್ನು ತೊರೆದಿವೆ. ಗಿಟಾರ್ ವಾದಕರು ಮಾತ್ರ ತೊರೆದಿಲ್ಲ. ಅವರ ಈ ಒಲವನ್ನು ಬಲ್ಲ ತಯಾರಕರು ಆಗಾಗ ‘ಸೀಮಿತ ಆವೃತ್ತಿ’ ಎಂಬ ಹೆಸರಿನಲ್ಲಿ ಕೆಲವೇ ಸಂಖ್ಯೆಯ ಪ್ರವರ್ಧಕಗಳನ್ನು ಹೆಚ್ಚಿನ ಬೆಲೆಗೆ ಹೊರತರುತ್ತಾರೆ. ಅಂಥದೊಂದನ್ನು ಕೊಂಡು ಕಲಬುರಗಿಯ ಖೂಬಾ ಪ್ಲಾಟಿನ ಒಂದು ಮನೆಯಲ್ಲಿಟ್ಟು ನುಡಿಸಬೇಕೆನ್ನುವವನು ಏನನ್ನು ನೋಡಿ ಕೊಳ್ಳಬೇಕು, ಕೊಂಡ ಬಳಿಕ ಯಾವುದನ್ನು ಯಾವ ಕ್ರಮದಲ್ಲಿ ಮಾರ್ಪಡಿಸಬೇಕು ಎಂಬುದೇ ಪ್ರಕೃತ ಲೇಖನದ ವಿಷಯ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೀಮಿತವೆನಿಸುವುದು ಸಾಮಾನ್ಯವಾಗಿ ಹೊದಿಕೆ ಮತ್ತು ಸ್ಪೀಕರು, ಒಳಗಿನ ವಿದ್ಯುನ್ಮಂಡಲವಲ್ಲ. ಆದಕಾರಣ ಕೊಳ್ಳುವಾಗ ಮಂಡಲವನ್ನು ನೋಡತಕ್ಕದ್ದು. ಮಾರ್ಪಡಿಸುವಾಗ ಸ್ವರಕ್ಕಿಂತ ಮೊದಲು ಊರಿನ ವಿದ್ಯುತ್ತನ್ನೂ ಬಿಸಿಲನ್ನೂ ಗಮನಿಸತಕ್ಕದ್ದು.

ವಾಲ್ವಿನ ಗುಣ

1904ರಲ್ಲಿ ಫ್ಲೆಮಿಂಗನು ಎರಡು ವಿದ್ಯುದ್ವಾರಗಳ ವಾಲ್ವನ್ನು ರಚಿಸಿದನು. 1906ರಲ್ಲಿ ಡಿ ಫಾರೆಸ್ಟನು ಅವುಗಳ ಜೊತೆಗೆ ಮೂರನೆಯದೊಂದನ್ನು, ಎಂದರೆ ಗ್ರಿಡ್ ಎಂಬ ಜಾಲರಿಯನ್ನು ಸೇರಿಸಿದನು. ನಿರ್ವಾತವಾದ ಗಾಜಿನ ಬುರುಡೆಯಲ್ಲಿ ಕಾದ ಕ್ಯಾಥೋಡು ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಧನ ವೋಲ್ಟೇಜಿನಲ್ಲಿರುವ ಆನೋಡು ಅವನ್ನು ಸೆಳೆದುಕೊಳ್ಳುತ್ತದೆ. ನಡುವೆ ಇರುವ ಜಾಲರಿಯ ಅಲ್ಪ ವೋಲ್ಟೇಜು ಈ ಹರಿವನ್ನು ಹತೋಟಿಯಲ್ಲಿಡುತ್ತದೆ. ಅತಿಯಾದ ಸಂಕೇತವನ್ನು ಕೊಟ್ಟಾಗ ವಾಲ್ವ್ ಪ್ರವರ್ಧಕದಲ್ಲಿ ಅಲೆಯ ಶಿಖರವು ಕ್ರಮಕ್ರಮವಾಗಿ ಚಪ್ಪಟೆಯಾಗುತ್ತ ಹೋಗುತ್ತದೆ. ಹೆಚ್ಚು ಹಿನ್ನೀಡಿಕೆಯುಳ್ಳ ಟ್ರಾನ್ಸಿಸ್ಟರ್ ಮಂಡಲದಲ್ಲಿ ಅದು ಥಟ್ಟನೆ ಕತ್ತರಿಸಿದಂತಾಗುತ್ತದೆ. ಹೀಗೆ ಚಪ್ಪಟೆಯಾಗುವಾಗ ಮೂಲಸ್ವರಕ್ಕೆ ಉಪಸ್ವರಗಳು ಕೂಡಿಕೊಳ್ಳುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಇಡುವ ನೂಲೆಳೆಯು ಜವಾರಿಯನ್ನು ತೆರೆದು ನಾದವನ್ನು ತುಂಬುವುದನ್ನು ನಮ್ಮ ಸಂಗೀತಗಾರರು ಬಲ್ಲರು. ಆ ನೂಲೆಳೆ ಹೇಗೆ ತಂಬೂರಿಯ ಅಂಗವೋ ಹಾಗೆಯೇ ವಾಲ್ವ್ ಪ್ರವರ್ಧಕವೂ ಗಿಟಾರಿನ ಅಂಗವೆಂದು ತಿಳಿಯಬೇಕು.

ವಾಲ್ವು ನಮ್ಮ ನಾಡಿಗೆ ಅಪರಿಚಿತವಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ ಅದರ ಮರುವರ್ಷವೇ ಜರ್ಮೇನಿಯಮ್ ಅರೆವಾಹಕಗಳನ್ನೂ ತಯಾರಿಸತೊಡಗಿತು. ವಾಲ್ವು ಮತ್ತು ಅದನ್ನು ಪದಚ್ಯುತಗೊಳಿಸಲಿದ್ದ ಸಾಧನ ಎರಡೂ ಒಂದೇ ಸಂಸ್ಥೆಯಲ್ಲಿ ಒಂದು ವರ್ಷದ ಅಂತರದಲ್ಲಿ ಬಂದುವೆಂಬುದು ಗಮನಾರ್ಹ. ಇಂದು ಗಿಟಾರ್ ಪ್ರವರ್ಧಕಗಳ ಹೊಸ ವಾಲ್ವುಗಳು ಮುಖ್ಯವಾಗಿ ಸ್ಲೋವಾಕಿಯ, ರಷ್ಯ ಮತ್ತು ಚೀನಗಳಿಂದ ಬರುತ್ತವೆ. 2022ರಲ್ಲಿ ರಷ್ಯದ ರಫ್ತಿಗೆ ಅಡ್ಡಿಯುಂಟಾದಾಗ ಜಗತ್ತಿನ ವಾದಕರೆಲ್ಲ ವಾಲ್ವಿನ ಅಭಾವಕ್ಕೆ ಅಂಜಿದರು. ಆದುದರಿಂದ ಕೊಳ್ಳುವವನು ಕೇಳಬೇಕಾದ ಮೊದಲನೆಯ ಪ್ರಶ್ನೆ, ಈ ಯಂತ್ರಕ್ಕೆ ಬೇಕಾದ ವಾಲ್ವು ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ತಯಾರಾಗುತ್ತಿದೆಯೇ ಎಂಬುದು. ಇಎಲ್ 84, ಇಎಲ್ 34, 6ಎಲ್6, 12ಎಎಕ್ಸ್7 ಎಂಬ ಜಾತಿಗಳಿಗೆ ಈ ಭಯ ಕಡಮೆ.

‘ಸೀಮಿತ’ ಎಂಬುದರ ಅರ್ಥ

ಉದಾಹರಣೆಗೆ ಅಮೆರಿಕದ ಫೆಂಡರ್ ಕಂಪನಿಯ ಬ್ಲೂಸ್ ಜೂನಿಯರ್ ಎಂಬ ಪ್ರವರ್ಧಕವನ್ನು ತೆಗೆದುಕೊಳ್ಳೋಣ. 1995ರಿಂದ ಬಳಕೆಗೆ ಬಂದ ಇದರ ಶಕ್ತಿ 15 ವಾಟು. ಕೊನೆಯ ಹಂತದಲ್ಲಿ ಎರಡು ಇಎಲ್ 84, ಮೊದಲಿನ ಹಂತಗಳಲ್ಲಿ ಮೂರು 12ಎಎಕ್ಸ್7 ವಾಲ್ವುಗಳಿವೆ. 12 ಅಂಗುಲದ ಒಂದು ಸ್ಪೀಕರಿದೆ. ಇದರ ಸೀಮಿತ ಆವೃತ್ತಿಗಳು ಹಲವು ಬಂದಿವೆ. ಅವುಗಳಲ್ಲಿ ಬಣ್ಣದ ಹೊದಿಕೆ, ಮುಂಭಾಗದ ಬಟ್ಟೆ, ಜೆನ್‌ಸೆನ್ ಅಥವಾ ಸೆಲೆಷನ್ ಕಂಪನಿಯ ಬೇರೊಂದು ಸ್ಪೀಕರು, ಇವೇ ಸಾಮಾನ್ಯವಾದ ವ್ಯತ್ಯಾಸಗಳು. ಹೊದಿಕೆಗೆ ಸ್ವರವಿಲ್ಲ, ಸ್ಪೀಕರಿಗೆ ಉಂಟು.

ಸ್ಪೀಕರಿನ ಬೆಲೆಯನ್ನು ಅಂಕಿಗಳಿಂದ ತಿಳಿಯಬಹುದು. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರಿಗೆ ಬದಲಾಗಿ 100 ಡೆಸಿಬೆಲ್ ಕೊಡುವುದನ್ನು ಇಟ್ಟರೆ ದೊರೆಯುವ 3 ಡೆಸಿಬೆಲ್‌ಗಳ ಹೆಚ್ಚಳವು ಪ್ರವರ್ಧಕದ ಶಕ್ತಿಯನ್ನು 15ರಿಂದ 30 ವಾಟಿಗೆ ಏರಿಸಿದುದಕ್ಕೆ ಸಮ. ಸೀಮಿತ ಆವೃತ್ತಿಗೆಂದು ಕೊಡುವ ಅಧಿಕ ಹಣವು ಆ ಸ್ಪೀಕರಿನ ಬಿಡಿ ಬೆಲೆಗಿಂತ ಬಹಳ ಹೆಚ್ಚಾಗಿದ್ದರೆ, ಸಾಮಾನ್ಯ ಆವೃತ್ತಿಯನ್ನು ಕೊಂಡು ಸ್ಪೀಕರನ್ನು ಬೇರೆ ತರಿಸುವುದೇ ಲೇಸು. ಆದರೆ ಹೊಸ ಸ್ಪೀಕರಿನ ಪ್ರತಿಬಾಧೆಯು ಹಳೆಯದರಷ್ಟೇ ಇರಬೇಕು. ಇಎಲ್ 84 ಜೋಡಿಗೆ ತಯಾರಕರ ಕೋಷ್ಟಕವು 300 ವೋಲ್ಟಿನಲ್ಲಿ 8000 ಓಮ್ ಭಾರವನ್ನೂ 17 ವಾಟು ಶಕ್ತಿಯನ್ನೂ ಹೇಳುತ್ತದೆ. 8 ಓಮಿನ ಸ್ಪೀಕರನ್ನು ಆ ಭಾರವಾಗಿ ತೋರಿಸಬೇಕಾದರೆ ಹೊರಹಂತದ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಪ್ರಮಾಣ 1000ದ ವರ್ಗಮೂಲವಾದ ಸುಮಾರು 31.6 ಆಗಬೇಕು. ಅಲ್ಲಿ 4 ಓಮಿನದನ್ನು ಜೋಡಿಸಿದರೆ ವಾಲ್ವಿಗೆ ಕಾಣುವ ಭಾರ ಅರ್ಧಕ್ಕಿಳಿಯುತ್ತದೆ. ಸ್ಪೀಕರನ್ನೇ ಜೋಡಿಸದೆ ನುಡಿಸಿದರಂತೂ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುವ ಸಂಭವವುಂಟು.

15 ವಾಟು ಅಲ್ಪವೆಂದು ಭಾವಿಸುವವರೂ ಉಂಟು. ಮೇಲಿನ 97 ಡೆಸಿಬೆಲ್‌ಗೆ 15 ವಾಟಿನ ಸುಮಾರು 12 ಡೆಸಿಬೆಲ್ ಕೂಡಿಸಿದರೆ ಒಂದು ಮೀಟರಿನಲ್ಲಿ 109 ಆಗುತ್ತದೆ. ಬಯಲಿನಲ್ಲಿ ಹತ್ತು ಮೀಟರ್ ಆಚೆಗೂ 89 ಉಳಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಎಂದು ಮಿತಿ ಕಟ್ಟಿವೆ. ಗೋಡೆಗೆ ಗೋಡೆ ಸಮೀಪವಿರುವ ಬಡಾವಣೆಯಲ್ಲಿ ಹೆಚ್ಚಿನ ವಾಟಿಗೆ ಆಸೆಪಡುವುದು ವ್ಯರ್ಥ. ವಾಲ್ವಿನ ಗುಣವು ಪೂರ್ಣಶಕ್ತಿಯ ಸಮೀಪದಲ್ಲಿಯೇ ಪ್ರಕಟವಾಗುವುದರಿಂದ, ಮನೆಗೆ 5 ವಾಟಿನ ಯಂತ್ರವಾಗಲಿ ಸ್ಪೀಕರಿಗೆ ಹೋಗುವ ಶಕ್ತಿಯನ್ನು ತಗ್ಗಿಸುವ ಉಪಕರಣವಾಗಲಿ ಹೆಚ್ಚು ಉಪಯುಕ್ತ.

ಮೊದಲನೆಯ ಮಾರ್ಪಾಟು: ವಿದ್ಯುತ್ತು ಮತ್ತು ಭೂಸಂಪರ್ಕ

ಸೀಮಿತ ಆವೃತ್ತಿಗಳನ್ನು ಅನೇಕರು ಅಮೆರಿಕದಲ್ಲಿರುವ ಬಂಧುಗಳ ಮೂಲಕ ತರಿಸುತ್ತಾರೆ. ಅಲ್ಲಿಯ ವಿದ್ಯುತ್ತು 120 ವೋಲ್ಟು, 60 ಆವರ್ತ; ನಮ್ಮದು 230 ವೋಲ್ಟು, 50 ಆವರ್ತ. ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರನ್ನು ನಡುವೆ ಇಟ್ಟರೆ ಎಲ್ಲವೂ ಸರಿಹೋಯಿತೆಂದು ತಿಳಿಯುವುದುಂಟು. ಆದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿಯ ಕಾಂತಪ್ರವಾಹವು ವೋಲ್ಟೇಜನ್ನು ಆವರ್ತದಿಂದ ಭಾಗಿಸಿದ ಪ್ರಮಾಣದಲ್ಲಿರುತ್ತದೆ. ವೋಲ್ಟೇಜು 120 ಆಗಿಯೇ ಉಳಿದು ಆವರ್ತವು 60ರಿಂದ 50ಕ್ಕೆ ಇಳಿದರೆ ಕಾಂತಪ್ರವಾಹ ನೂರಕ್ಕೆ 20ರಷ್ಟು ಏರುತ್ತದೆ. ಕೇವಲ 60 ಆವರ್ತಕ್ಕೆಂದು ಬಿಗಿಯಾಗಿ ರಚಿಸಿದ ಟ್ರಾನ್ಸ್‌ಫಾರ್ಮರು ಇದರಿಂದ ಕಾದು ಗುಂಯ್‌ಗುಡುತ್ತದೆ. ಆದಕಾರಣ ಹಿಂಬದಿಯ ಫಲಕದಲ್ಲಿ 50 ಆವರ್ತದ ಉಲ್ಲೇಖವಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡತಕ್ಕದ್ದು. 230 ವೋಲ್ಟಿನ ರಫ್ತು ಮಾದರಿಯೇ ದೊರೆಯುವುದಾದರೆ ಅದೇ ಉತ್ತಮ.

ವೋಲ್ಟೇಜಿನ ಏರಿಳಿತವೂ ಗಣನೀಯ. ವಾಲ್ವಿನ ತಂತುವಿಗೆ 6.3 ವೋಲ್ಟು ಬೇಕು. ಅದು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಡಮೆಯಾಗಬಾರದು. 230 ವೋಲ್ಟಿಗೆ ರಚಿಸಿದ ಯಂತ್ರಕ್ಕೆ 250 ಬಂದರೆ ತಂತುವಿಗೆ 6.85 ಆಗಿ ಮಿತಿಯ ಅಂಚನ್ನು ಮುಟ್ಟುತ್ತದೆ. ಒಳ್ಳೆಯ ಸ್ಟೆಬಿಲೈಜರು ವಾಲ್ವಿನ ಆಯುಷ್ಯವನ್ನು ಕಾಪಾಡುತ್ತದೆ. ಚೌಕಾಕಾರದ ಅಲೆಯ ಇನ್ವರ್ಟರಿನಲ್ಲಿ ನುಡಿಸುವುದು ಮಾತ್ರ ತಕ್ಕದ್ದಲ್ಲ. ತಂತುವು ಅಲೆಯ ಸರಾಸರಿ ಶಕ್ತಿಯನ್ನು ಅನುಸರಿಸಿದರೆ ಆನೋಡಿನ ವೋಲ್ಟೇಜು ಅಲೆಯ ಶಿಖರವನ್ನು ಅನುಸರಿಸುತ್ತದೆ. ಸಹಜವಾದ 230 ವೋಲ್ಟಿನ ಶಿಖರ 325. ಚೌಕದ ಶಿಖರ 230 ಮಾತ್ರ. ಯಂತ್ರವು ಸೊರಗಿದಂತೆ ನುಡಿಯುವುದಕ್ಕೆ ಇದೇ ಕಾರಣ.

ಇದಕ್ಕಿಂತಲೂ ಮುಖ್ಯವಾದುದು ಭೂಸಂಪರ್ಕ, ಎಂದರೆ ಅರ್ಥಿಂಗ್. ಗಿಟಾರಿನ ತಂತಿಗಳು ಪ್ರವರ್ಧಕದ ಲೋಹದ ಷಾಸಿಗೆ ಸೇರಿರುತ್ತವೆ. ವಾದಕನ ಬೆರಳು ಆ ತಂತಿಯ ಮೇಲೆ, ತುಟಿ ಬೇರೊಂದು ಯಂತ್ರಕ್ಕೆ ಸೇರಿದ ಮೈಕಿನ ಸಮೀಪ. ಅಗ್ಗದ ಟ್ರಾನ್ಸ್‌ಫಾರ್ಮರುಗಳಲ್ಲಿ ಎರಡೇ ಕಡ್ಡಿಯ ಪ್ಲಗ್ಗಿದ್ದು ಭೂಸಂಪರ್ಕವು ನಡುವೆಯೇ ಕಡಿದುಹೋಗುತ್ತದೆ. ಒಳಗೆ ಯಾವುದಾದರೂ ನಿರೋಧಕ ಕೆಟ್ಟರೆ ಇದು ಪ್ರಾಣಾಪಾಯಕ್ಕೆ ದಾರಿ. ಮೂರು ಕಡ್ಡಿಯ ಪ್ಲಗ್ಗು, ಗೋಡೆಯಿಂದ ಷಾಸಿಯವರೆಗೆ ಅಖಂಡವಾದ ಭೂತಂತಿ, ಮನೆಯ ಅರ್ಥಿಂಗಿನ ಪರೀಕ್ಷೆ, ಇವು ಎಲ್ಲ ಮಾರ್ಪಾಟುಗಳಿಗಿಂತ ಮೊದಲಿನವು.

ಯಂತ್ರವನ್ನು ಬಿಚ್ಚುವವರು ಇನ್ನೊಂದನ್ನು ಅರಿತಿರಬೇಕು. ಪ್ಲಗ್ಗನ್ನು ಕಿತ್ತ ಮೇಲೂ ಕೆಪಾಸಿಟರ್ ಎಂಬ ಧಾರಕಗಳಲ್ಲಿ ವಿದ್ಯುತ್ತು ನಿಂತಿರುತ್ತದೆ. 47 ಮೈಕ್ರೋಫ್ಯಾರಡಿನ ಧಾರಕವು 330 ವೋಲ್ಟಿನಲ್ಲಿ ಸುಮಾರು 2.6 ಜೂಲ್ ಶಕ್ತಿಯನ್ನು ಹಿಡಿದಿಡುತ್ತದೆ. 10 ಸಾವಿರ ಓಮ್, 10 ವಾಟಿನ ಪ್ರತಿರೋಧಕದ ಮೂಲಕ ಅದನ್ನು ಷಾಸಿಗೆ ಹರಿಸಿದರೆ ಎರಡೂವರೆ ಸೆಕೆಂಡಿನಲ್ಲಿ ಬಹುಮಟ್ಟಿಗೆ ಬರಿದಾಗುತ್ತದೆ. ಆ ಬಳಿಕವೂ ಮೀಟರಿನಿಂದ ಅಳೆದು ನೋಡದೆ ಕೈಯಿಡಬಾರದು. ವಿದ್ಯಾರ್ಥಿಗಳು ಈ ಕೆಲಸವನ್ನು ಬಲ್ಲವರ ಸಮಕ್ಷಮದಲ್ಲಿಯೇ ಮಾಡತಕ್ಕದ್ದು.

ಎರಡನೆಯದು: ಬಿಸಿಲು ಮತ್ತು ಬಯಸ್

ಕಲಬುರಗಿಯ ಬೇಸಗೆಯಲ್ಲಿ ಉಷ್ಣತೆ 42 ಡಿಗ್ರಿಯನ್ನು ಮುಟ್ಟುವುದು ವಿಶೇಷವಲ್ಲ. ಬ್ಲೂಸ್ ಜೂನಿಯರಿನಂಥ ಪೆಟ್ಟಿಗೆಗಳಲ್ಲಿ ಷಾಸಿ ಮೇಲಿದ್ದು ವಾಲ್ವುಗಳು ತಲೆಕೆಳಗಾಗಿ ತೂಗುತ್ತವೆ. ಅವುಗಳ ಬಿಸಿ ಮೇಲೇರಿ ಧಾರಕಗಳನ್ನು ಬೇಯಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಎಲೆಕ್ಟ್ರೋಲಿಟಿಕ್ ಧಾರಕದ ಆಯುಷ್ಯ ಅರ್ಧವಾಗುವುದೆಂಬುದು ತಂತ್ರಜ್ಞರ ಸ್ಥೂಲ ನಿಯಮ. ಅದರಂತೆ 25 ಡಿಗ್ರಿಯ ಕೋಣೆಗೂ 42 ಡಿಗ್ರಿಯ ಕೋಣೆಗೂ ಇರುವ 17 ಡಿಗ್ರಿ ಅಂತರವು ಆಯುಷ್ಯವನ್ನು ಮೂರರಲ್ಲಿ ಒಂದು ಭಾಗಕ್ಕಿಂತಲೂ ಕಡಮೆಗೆ ಇಳಿಸುತ್ತದೆ. ಬದಲಾಯಿಸುವಾಗ 85 ಡಿಗ್ರಿಯವಕ್ಕೆ ಬದಲು 105 ಡಿಗ್ರಿಯ ಧಾರಕಗಳನ್ನು ಹಾಕುವುದು, ಪೆಟ್ಟಿಗೆಯ ಬೆನ್ನನ್ನು ಗೋಡೆಯಿಂದ ದೂರವಿಡುವುದು, ನಿಧಾನವಾಗಿ ತಿರುಗುವ ಸಣ್ಣ ಫ್ಯಾನನ್ನು ಇಡುವುದು, ಇವು ಅಲ್ಪ ವೆಚ್ಚದ ದೊಡ್ಡ ಉಪಕಾರಗಳು.

ಬಿಸಿಯ ಇನ್ನೊಂದು ಮೂಲ ಬಯಸ್. ಸಂಕೇತವಿಲ್ಲದಾಗಲೂ ವಾಲ್ವಿನಲ್ಲಿ ಹರಿಯುವ ಪ್ರವಾಹವನ್ನು ನಿರ್ಧರಿಸುವ ಋಣ ವೋಲ್ಟೇಜಿಗೆ ಈ ಹೆಸರು. ಇಎಲ್ 84ರ ಆನೋಡು 12 ವಾಟಿಗಿಂತ ಹೆಚ್ಚು ಬಿಸಿಯನ್ನು ತಾಳಲಾರದು. 330 ವೋಲ್ಟಿನಲ್ಲಿ 36 ಮಿಲಿಆಂಪಿಯರು ಹರಿದರೆ ಈ ಮಿತಿ ತುಂಬಿತು. ನೂರಕ್ಕೆ 70ರಷ್ಟು, ಎಂದರೆ 8.4 ವಾಟಿಗೆ ಇಳಿಸಬೇಕಾದರೆ ಪ್ರವಾಹವು ಸುಮಾರು 25 ಆಗಬೇಕು. ಬ್ಲೂಸ್ ಜೂನಿಯರಿನಲ್ಲಿ ಇದನ್ನು ಹೊಂದಿಸುವ ತಿರುಪಿಲ್ಲ. ಸ್ಥಿರವಾದ ಒಂದು ಪ್ರತಿರೋಧಕ ಮಾತ್ರವಿದೆ. ಅದರ ಸ್ಥಾನದಲ್ಲಿ ಹೊಂದಿಸಬಲ್ಲ ಪ್ರತಿರೋಧಕವನ್ನು ಇಡುವುದೇ ವಾದಕರಲ್ಲಿ ಪ್ರಸಿದ್ಧವಾದ ಮಾರ್ಪಾಟು. ಅದರ ಸ್ಪರ್ಶವು ಕಡಿದುಹೋದರೂ ಋಣ ವೋಲ್ಟೇಜು ಇಲ್ಲವಾಗದಂತೆ ಜೋಡಿಸಬೇಕು. ಇಲ್ಲದಿದ್ದರೆ ವಾಲ್ವು ಕೆಂಪಗೆ ಕಾದು ನಾಶವಾಗುತ್ತದೆ. ಕ್ಯಾಥೋಡಿಗೂ ಷಾಸಿಗೂ ನಡುವೆ 1 ಓಮಿನ ಪ್ರತಿರೋಧಕವಿದ್ದರೆ ಅದರ ಮೇಲಿನ ಮಿಲಿವೋಲ್ಟುಗಳೇ ಮಿಲಿಆಂಪಿಯರುಗಳ ಸಂಖ್ಯೆ. ಅಳತೆಯು ಸುಲಭವೂ ನಿರಪಾಯವೂ ಆಗುತ್ತದೆ. ಎರಡನೆಯ ಜಾಲರಿಯ ಅಲ್ಪ ಪ್ರವಾಹವೂ ಇದರಲ್ಲಿ ಕೂಡಿರುತ್ತದೆಂಬುದನ್ನು ಮಾತ್ರ ನೆನಪಿಡಬೇಕು.

ಕೊನೆಯದು: ಸ್ವರ

ಇಷ್ಟಾದ ಮೇಲೆ ಸ್ವರದ ಮಾತು. ಮೊದಲ ಹಂತದ ಕ್ಯಾಥೋಡಿನಲ್ಲಿ 1500 ಓಮ್ ಪ್ರತಿರೋಧಕದ ಜೊತೆಗೆ 22 ಮೈಕ್ರೋಫ್ಯಾರಡಿನ ಧಾರಕವಿದೆಯೆಂದು ಭಾವಿಸೋಣ. ಇವೆರಡರ ಲೆಕ್ಕದಿಂದ ಸುಮಾರು 5 ಆವರ್ತದಿಂದ ಮೇಲಿನ ಸ್ವರಗಳೆಲ್ಲ ವೃದ್ಧಿಯಾಗುತ್ತವೆ. ಗಿಟಾರಿನ ಅತಿ ತಗ್ಗಿನ ತಂತಿ 82 ಆವರ್ತದ್ದು. ಧಾರಕವನ್ನು 1 ಮೈಕ್ರೋಫ್ಯಾರಡಿಗೆ ಇಳಿಸಿದರೆ ಈ ಗಡಿ ಸುಮಾರು 106ಕ್ಕೆ ಏರಿ, ಚಿಕ್ಕ ಪೆಟ್ಟಿಗೆಯಲ್ಲಿ ಗೊಗ್ಗರಾಗುವ ತಗ್ಗಿನ ಸ್ವರಗಳು ತಿಳಿಯಾಗುತ್ತವೆ. ಕೆಲವೇ ರೂಪಾಯಿಯ ಒಂದು ಧಾರಕವು ಇಲ್ಲಿ ಮಾಡುವ ವ್ಯತ್ಯಾಸವನ್ನು ಬಣ್ಣದ ಹೊದಿಕೆಯು ಎಂದಿಗೂ ಮಾಡಲಾರದು.

ಆದರೂ ಸೀಮಿತ ಆವೃತ್ತಿಯ ಮರುಮಾರಾಟದ ಬೆಲೆಯು ಅದರ ಮೂಲರೂಪವನ್ನು ಅವಲಂಬಿಸಿದೆ. ಆದುದರಿಂದ ಪ್ರತಿಯೊಂದು ಮಾರ್ಪಾಟನ್ನೂ ಮರಳಿ ಬಿಡಿಸಬಹುದಾದಂತೆ ಮಾಡಬೇಕು. ಮುದ್ರಿತ ಮಂಡಲದ ತಾಮ್ರವನ್ನು ಕೊಯ್ಯಬಾರದು. ಷಾಸಿಯಲ್ಲಿ ಹೊಸ ರಂಧ್ರ ಕೊರೆಯಬಾರದು. ತೆಗೆದ ಬಿಡಿಭಾಗಗಳನ್ನು ಚೀಟಿ ಹಚ್ಚಿ ಪೆಟ್ಟಿಗೆಯೊಳಗೇ ಇಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಿಂದಿನ ಮತ್ತು ಮುಂದಿನ ಅಳತೆಗಳನ್ನು ಬರೆದಿಡಬೇಕು. ಪ್ರಯೋಗಶಾಲೆಯ ಶಿಸ್ತು ಇದೇ ಅಲ್ಲವೆ?

ಸಂಗ್ರಹವಾಗಿ ಹೇಳುವುದಾದರೆ, ಮೊದಲು ಜೀವರಕ್ಷಣೆ, ಬಳಿಕ ಯಂತ್ರದ ಆಯುಷ್ಯ, ಕೊನೆಗೆ ಸ್ವರ, ಇದು ಮಾರ್ಪಾಟಿನ ಕ್ರಮ. ಅಂಗಡಿಯ ಜಾಹೀರಾತು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಹಾಗೆಂದು ಸೀಮಿತ ಆವೃತ್ತಿಯನ್ನು ಕೊಳ್ಳಲೇಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಕೊಟ್ಟ ಹಣದಲ್ಲಿ ಎಷ್ಟು ಸ್ಪೀಕರಿಗೆ, ಎಷ್ಟು ಬಟ್ಟೆಗೆ ಎಂಬುದನ್ನು ತಿಳಿದು ಕೊಳ್ಳಬೇಕೆಂಬುದಷ್ಟೆ. ಪದವಿ ತರಗತಿಗಳ ಪಾಠದಿಂದ ವಾಲ್ವು ಬಹುಮಟ್ಟಿಗೆ ಮರೆಯಾಗಿರುವ ಈ ದಿನಗಳಲ್ಲಿ ಇಂಥ ಒಂದು ಯಂತ್ರವು ಕಾಲೇಜಿನ ಮೇಜಿನ ಮೇಲೆ ಬಂದರೆ, ಓಮನ ನಿಯಮದಿಂದ ಟ್ರಾನ್ಸ್‌ಫಾರ್ಮರಿನವರೆಗೆ ಪುಸ್ತಕದಲ್ಲಿ ಓದಿದುದೆಲ್ಲವನ್ನೂ ವಿದ್ಯಾರ್ಥಿಯು ಕಣ್ಣಿನಿಂದ ಕಂಡು, ಮೀಟರಿನಿಂದ ಅಳೆದು, ಕಿವಿಯಿಂದ ಕೇಳಬಹುದು.